ನಲ್ಲಿ ಸೋರಿದರೆ ಮೊದಲು ನಾವೇ ನೋಡೋಣ

(ಮರಳೂರಿನಲ್ಲಿ ಸೇರಿದ್ದ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಮುಂದೆ ಆಡಿದ ಮಾತುಗಳು)



ಉಳಿತಾಯ, ಸಾಲ, ಬಡ್ಡಿ ಲೆಕ್ಕ ಇವೆಲ್ಲ ನಿಮಗೆ ಚೆನ್ನಾಗಿಯೇ ಗೊತ್ತು. ವಾರವಾರ ಕಷ್ಟಪಟ್ಟು ಕೂಡಿಟ್ಟ ಹಣ ಮನೆಯೊಳಗೇ ಯಾವ ಯಾವ ದಾರಿಯಲ್ಲಿ ಸೋರಿಹೋಗುತ್ತದೆ ಎಂಬುದನ್ನು ಇವತ್ತು ನೋಡೋಣ. ನಲ್ಲಿ, ಟ್ಯಾಂಕು, ಬಚ್ಚಲು, ನೀರು ಕಾಯಿಸುವ ರಾಡು. ಇವೇ ಇವತ್ತಿನ ಪಾಠ.

ತುಮಕೂರು ನಗರಕ್ಕೆ ಬರುವ ಹೇಮಾವತಿ ನೀರು ಹಾಸನ ಜಿಲ್ಲೆಯ ಗೊರೂರು ಅಣೆಕಟ್ಟಿನಿಂದ ನಾಲೆಯಲ್ಲಿ ಹರಿದು ಬುಗುಡನಹಳ್ಳಿ ಕೆರೆ ಸೇರಿ, ಅಲ್ಲಿಂದ ಶುದ್ಧವಾಗಿ ಬರುತ್ತದೆ. ಅಷ್ಟು ದೂರದಿಂದ ಬಂದ ನೀರು ನಮ್ಮ ಬಚ್ಚಲಲ್ಲಿ ತೊಟ್ಟಿಕ್ಕಿ ಹೋಗಬೇಕೇ? ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲೂ 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಯೋಜನೆಯಿಂದ ಎಷ್ಟೋ ಮನೆಗಳ ಮುಂದೆ ನಲ್ಲಿ ಬಂದಿದೆ. ಆದರೆ ನಲ್ಲಿ ಕೆಟ್ಟಾಗ ನಾವು ಏನಂತೀವಿ? "ಮನೆಯವರು ಬರಲಿ, ನೋಡ್ತಾರೆ" ಅಂತೀವಿ. ಅವರು "ಪ್ಲಂಬರ್ ಬರಲಿ" ಅಂತಾರೆ. ಸಣ್ಣ ಕೆಲಸಕ್ಕೆ ಪ್ಲಂಬರ್ ಬೇಗ ಬರೋದಿಲ್ಲ. ಅಷ್ಟರಲ್ಲಿ ನೀರು ಹೋಗುತ್ತಲೇ ಇರುತ್ತದೆ.

ಎಷ್ಟು ಹೋಗುತ್ತದೆ ಎಂದು ನೀವೇ ಅಳೆಯಬಹುದು. ಸೋರುವ ನಲ್ಲಿ ಕೆಳಗೆ ಒಂದು ಗಂಟೆ ಪಾತ್ರೆ ಇಡಿ. 200 ಮಿಲಿ ಲೀಟರಿನ ಒಂದು ಲೋಟ ತುಂಬಿತು ಎನ್ನಿ. ದಿನಕ್ಕೆ 24 ಲೋಟ, ಅಂದರೆ ಸುಮಾರು 5 ಲೀಟರ್. ತಿಂಗಳಿಗೆ 144 ಲೀಟರ್. ಇದು ಒಂದೇ ನಲ್ಲಿಯ ಲೆಕ್ಕ. ಟ್ಯಾಂಕರಿಗೆ ದುಡ್ಡು ಕೊಟ್ಟು ನೀರು ಹಾಕಿಸಿಕೊಳ್ಳುವ ಮನೆಯವರಿಗೆ ಇದರ ಬೆಲೆ ಹೇಳಿಕೊಡಬೇಕಾಗಿಲ್ಲ.

ಮೊದಲನೆಯ ಕೆಲಸ: ವಾಲ್ವ್ ಎಲ್ಲಿದೆ ತಿಳಿಯಿರಿ

ಯಾವ ನಲ್ಲಿ ಬಿಚ್ಚುವ ಮೊದಲೂ ನೀರು ನಿಲ್ಲಿಸಬೇಕು. ಬೀದಿಯಿಂದ ನೀರು ಒಳಗೆ ಬರುವ ವಾಲ್ವ್ ಎಲ್ಲಿದೆ, ಮೇಲಿನ ಟ್ಯಾಂಕಿನಿಂದ ಇಳಿಯುವ ವಾಲ್ವ್ ಎಲ್ಲಿದೆ ಎಂದು ಇವತ್ತೇ ಹೋಗಿ ನೋಡಿ. ಮಕ್ಕಳಿಗೂ ತೋರಿಸಿ. ವರ್ಷಕ್ಕೆ ಎರಡು ಸಲವಾದರೂ ತಿರುಗಿಸಿ ನೋಡುತ್ತಿರಿ. ಇಲ್ಲದಿದ್ದರೆ ತುಕ್ಕು ಹಿಡಿದು, ಪೈಪ್ ಒಡೆದ ದಿನವೇ ಅದು ತಿರುಗೋದಿಲ್ಲ.

ಎಲ್ಲಿಂದ ಸೋರುತ್ತಿದೆ ನೋಡಿ

ತಿರುಗಿಸುವ ನಲ್ಲಿ ಮೂರು ಜಾಗದಲ್ಲಿ ಸೋರುತ್ತದೆ. ಜಾಗ ನೋಡಿದರೆ ಕಾರಣ ಗೊತ್ತಾಗುತ್ತದೆ.

ಬಾಯಿಯಿಂದ ತೊಟ್ಟಿಕ್ಕಿದರೆ ಒಳಗಿನ ರಬ್ಬರ್ ವಾಷರ್ ಸವೆದಿದೆ. ನಮ್ಮಲ್ಲಿ ಕೆಲವರು ಇದನ್ನು ವೈಸರ್ ಅಂತಾರೆ. ನೀರು ನಿಲ್ಲಿಸಿ, ನಲ್ಲಿಯ ಮೇಲ್ಭಾಗಕ್ಕೆ ಬಟ್ಟೆ ಸುತ್ತಿ, ಸ್ಪ್ಯಾನರಿನಿಂದ ಎಡಕ್ಕೆ ತಿರುಗಿಸಿ ಬಿಚ್ಚಿ. ಹಳೇ ವಾಷರನ್ನು ಅಂಗಡಿಗೆ ಒಯ್ದು, ಅದೇ ಅಳತೆಯದನ್ನು ತಂದು ಹಾಕಿ. ಹೊಸದು ಹಾಕಿದರೂ ನಿಲ್ಲದಿದ್ದರೆ ವಾಷರ್ ಕೂರುವ ಜಾಗವೇ ಸವೆದಿರುತ್ತದೆ. ಆಗ ನಲ್ಲಿಯನ್ನೇ ಬದಲಾಯಿಸಬೇಕು. ಬಿಗಿಯಾಗಿ ತಿರುಗಿಸಿದಷ್ಟೂ ವಾಷರ್ ಇನ್ನೂ ಬೇಗ ಹಾಳಾಗುತ್ತದೆ, ನೆನಪಿರಲಿ.

ಹಿಡಿಯ ಬುಡದಿಂದ ನೀರು ಬಂದರೆ ಅಲ್ಲಿರುವ ನಟ್ಟನ್ನು ಬಲಕ್ಕೆ ಸ್ವಲ್ಪ ಬಿಗಿ ಮಾಡಿ. ಹೆಚ್ಚಿನ ಸಲ ಅಷ್ಟೇ ಸಾಕು.

ಗೋಡೆಗೆ ಸೇರುವ ಜಾಗದಲ್ಲಿ ಸೋರಿದರೆ ನಲ್ಲಿ ಬಿಚ್ಚಿ, ಹಳೇ ಟೇಪು ಪೂರ್ತಿ ತೆಗೆದು, ಮರೆಯನ್ನು ಒರೆಸಿ ಒಣಗಿಸಿ. ಮರೆಯ ತುದಿ ನಿಮ್ಮ ಕಡೆ ಇರುವಂತೆ ಹಿಡಿದು, ಬಿಳಿ ಟೆಫ್ಲಾನ್ ಟೇಪನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಎಳೆದು ಸುತ್ತಿ. ಉಲ್ಟಾ ಸುತ್ತಿದರೆ ನಲ್ಲಿ ತಿರುಗಿಸುವಾಗ ಬಿಚ್ಚಿಕೊಂಡು ಬರುತ್ತದೆ. ಪ್ಲಾಸ್ಟಿಕ್ ನಲ್ಲಿಯಾದರೆ ಕೈಬಲ ತಡೆದು ಹಾಕಿ, ಸೀಳಿಬಿಡುತ್ತದೆ.

ಬೋರ್‌ವೆಲ್ ನೀರು ಗಡಸಾಗಿದ್ದರೆ ನಲ್ಲಿಯ ಜಾಲರಿಗೆ, ಷವರಿಗೆ ಬಿಳಿ ಸುಣ್ಣ ಕಟ್ಟಿಕೊಂಡು ನೀರು ಸಣ್ಣಗೆ ಬರುತ್ತದೆ. ಬಿಚ್ಚಿ ವಿನೆಗರಿನಲ್ಲೋ ನಿಂಬೆರಸದಲ್ಲೋ ಕೆಲವು ಗಂಟೆ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ.

ಟ್ಯಾಂಕು ತುಂಬಿ ಹರಿದರೆ

ಟ್ಯಾಂಕಿನೊಳಗೆ ತೇಲುವ ಚೆಂಡನ್ನು ಕೈಯಿಂದ ಮೇಲೆತ್ತಿ ನೋಡಿ. ನೀರು ನಿಂತರೆ ವಾಲ್ವ್ ಸರಿಯಿದೆ, ಚೆಂಡು ತೂತಾಗಿ ನೀರು ಕುಡಿದಿದೆ ಅಥವಾ ಅದರ ಕಡ್ಡಿ ಬಾಗಿದೆ. ಎತ್ತಿದರೂ ನಿಲ್ಲದಿದ್ದರೆ ವಾಲ್ವಿನ ವಾಷರ್ ಹೋಗಿದೆ. ಕಕ್ಕಸಿನ ಫ್ಲಷ್ ಟ್ಯಾಂಕು ಗೊತ್ತಾಗದಂತೆ ಸೋರುತ್ತದೆ. ಅದಕ್ಕೆ ಬಟ್ಟೆಗೆ ಹಾಕುವ ನೀಲಿ ನಾಲ್ಕು ತೊಟ್ಟು ಬಿಡಿ. ಅರ್ಧ ಗಂಟೆ ಬಳಸಬೇಡಿ. ಕೆಳಗೆ ನೀಲಿ ಇಳಿದರೆ ಸೋರಿಕೆ ಇದೆ ಎಂದೇ ಅರ್ಥ.

ಸಂಪಿನ ನೀರು ಕಡಿಮೆಯಾಗುತ್ತಿದೆ ಎಂಬ ಅನುಮಾನವಿದ್ದರೆ, ಬೀದಿ ನೀರು ಬಾರದ ದಿನ ರಾತ್ರಿ ಮಲಗುವಾಗ ನೀರಿನ ಮಟ್ಟಕ್ಕೆ ಗುರುತು ಹಾಕಿ, ಬೆಳಿಗ್ಗೆ ಮೋಟಾರ್ ಹಾಕುವ ಮೊದಲು ನೋಡಿ. ಆದರೆ ಸಂಪಿನೊಳಗೆ ಒಬ್ಬರೇ ಇಳಿಯಬೇಡಿ. ಬಹಳ ದಿನ ಮುಚ್ಚಿದ್ದ ಸಂಪಿನಲ್ಲಿ ಉಸಿರಾಡುವ ಗಾಳಿ ಇಲ್ಲದೇ ಇರಬಹುದು.

ಬಚ್ಚಲು ಕಟ್ಟಿದರೆ

ಪಾತ್ರೆ ತೊಳೆಯುವ ಸಿಂಕು ಕಟ್ಟಿದರೆ ಕೆಳಗೆ ಬಕೆಟ್ ಇಟ್ಟು, ಬಾಗಿದ ಪೈಪನ್ನು ಕೈಯಿಂದ ಬಿಚ್ಚಿ ತೊಳೆಯಿರಿ. ಅನ್ನ, ಜಿಡ್ಡು ಅಲ್ಲೇ ಕೂತಿರುತ್ತದೆ. ಆಸಿಡ್ ಸುರಿದು ಸರಿ ಮಾಡಲು ಹೋಗಬೇಡಿ. ಅದರಲ್ಲೂ ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಎಂದೂ ಸೇರಬಾರದು. ಎರಡೂ ಸೇರಿದರೆ ಕ್ಲೋರಿನ್ ಎಂಬ ವಿಷದ ಗಾಳಿ ಹೊರಡುತ್ತದೆ. ಬಾಗಿಲು ಮುಚ್ಚಿದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಕುತ್ತು.

ಕಕ್ಕಸು ಗುಂಡಿ ತುಂಬಿದರೆ ನಾವೂ ಇಳಿಯಬಾರದು, ಕೂಲಿ ಕೊಟ್ಟು ಇನ್ನೊಬ್ಬರನ್ನೂ ಇಳಿಸಬಾರದು. 2013ರ ಕಾಯ್ದೆ ಮನುಷ್ಯರಿಂದ ಮಲ ಬಳಿಸುವುದನ್ನು ಅಪರಾಧ ಎನ್ನುತ್ತದೆ. ಪಾಲಿಕೆಯಲ್ಲೋ ಪಂಚಾಯ್ತಿಯಲ್ಲೋ ಕೇಳಿ, ಹೀರುವ ಯಂತ್ರದ ಗಾಡಿ ಕರೆಸಿ.

ನೀರು ಕಾಯಿಸುವ ರಾಡು

ಇಲ್ಲಿ ಸ್ವಲ್ಪ ಕಿವಿಗೊಟ್ಟು ಕೇಳಿ. ನೀರಿನ ತಪ್ಪಿಗೆ ನೆಲ ಒದ್ದೆಯಾಗುತ್ತದೆ, ಕರೆಂಟಿನ ತಪ್ಪಿಗೆ ಜೀವ ಹೋಗುತ್ತದೆ.

ರಾಡನ್ನು ಕಬ್ಬಿಣದ, ಸ್ಟೀಲಿನ ಬಕೆಟ್‌ನಲ್ಲಿ ಇಡಬೇಡಿ. ನೀರಿನಲ್ಲಿ ಇಟ್ಟ ಮೇಲೆ ಸ್ವಿಚ್ ಹಾಕಿ. ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೇ ನೀರು ಮುಟ್ಟಿ. "ಕಾದಿದೆಯಾ ನೋಡೋಣ" ಅಂತ ಬೆರಳು ಅದ್ದುವ ಅಭ್ಯಾಸ ಇವತ್ತೇ ಬಿಡಿ. ಮೂರು ಪಿನ್ನಿನ ಪ್ಲಗ್ಗೇ ಇರಲಿ, ಅರ್ಥಿಂಗ್ ಸರಿಯಾಗಿರಲಿ. ಮಕ್ಕಳು ಓಡಾಡುವ ಜಾಗದಲ್ಲಿ ಇಡಬೇಡಿ. ರಾಡಿಗೆ ದಪ್ಪ ಸುಣ್ಣ ಕಟ್ಟಿದ್ದರೆ ನೀರು ಕಾಯುವುದು ತಡವಾಗುತ್ತದೆ, ರಾಡು ಬೇಗ ಸುಡುತ್ತದೆ. 1500 ವ್ಯಾಟಿನ ರಾಡು 40 ನಿಮಿಷ ಓಡಿದರೆ ಒಂದು ಯೂನಿಟ್ ಆಯಿತು.

ನಲ್ಲಿ ಮುಟ್ಟಿದರೆ ಜುಮ್ ಅನ್ನಿಸಿದರೆ ಸುಮ್ಮನಿರಬೇಡಿ. ಮೇನ್ ಸ್ವಿಚ್ ಆರಿಸಿ, ಎಲೆಕ್ಟ್ರಿಷಿಯನ್ನನ್ನು ಕರೆಸಿ. ಕಂಬದ ಅಥವಾ ಮೀಟರಿನ ತೊಂದರೆಯಾದರೆ ಬೆಸ್ಕಾಂ ಸಹಾಯವಾಣಿ 1912. ಗೀಸರ್ ಬಿಚ್ಚುವುದು, ಅದರ ಸೇಫ್ಟಿ ವಾಲ್ವ್ ಮುಟ್ಟುವುದು ನಮ್ಮ ಕೆಲಸ ಅಲ್ಲ. ಆ ವಾಲ್ವಿನಿಂದ ನೀರು ಬರುತ್ತದೆ ಎಂದು ಮುಚ್ಚಿಬಿಟ್ಟರೆ ಒಳಗೆ ಒತ್ತಡ ಹೆಚ್ಚಿ ಸಿಡಿಯಬಹುದು. ಸಾಧ್ಯವಿದ್ದವರು ಮನೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಕರೆಂಟ್ ಸೋರಿದ ತಕ್ಷಣ ಅದು ತಾನೇ ಆರುತ್ತದೆ. ಯಾರಿಗಾದರೂ ಕರೆಂಟ್ ಹೊಡೆದರೆ ಹಿಡಿದು ಎಳೆಯಬೇಡಿ. ಮೊದಲು ಮೇನ್ ಆರಿಸಿ, ಆಗದಿದ್ದರೆ ಒಣಗಿದ ಜಾಗದಲ್ಲಿ ನಿಂತು ಒಣ ಮರದ ಕೋಲಿನಿಂದ ಬಿಡಿಸಿ. ಆಮೇಲೆ ತಡಮಾಡದೆ 108ಕ್ಕೆ ಕರೆ ಮಾಡಿ.

ಸಂಘ ಏನು ಮಾಡಬಹುದು?

ಪ್ರತಿ ಮನೆಗೂ ಸಾಮಾನು ಬೇಡ. ಸಂಘಕ್ಕೆ ಒಂದು ಪೆಟ್ಟಿಗೆ ಸಾಕು. ಒಂದು ಪೈಪ್ ರೆಂಚ್, ಹಿಗ್ಗಿಸಿ ಕುಗ್ಗಿಸುವ ಸ್ಪ್ಯಾನರ್, ಸ್ಕ್ರೂಡ್ರೈವರ್, ಟೇಪು, ಅರ್ಧ ಇಂಚಿನ ವಾಷರುಗಳು. ಪ್ರತಿನಿಧಿಯ ಮನೆಯಲ್ಲಿಟ್ಟು, ಯಾರು ಒಯ್ದರು, ಯಾವಾಗ ತಂದರು ಎಂದು ಪುಸ್ತಕದಲ್ಲಿ ಬರೆಯಿರಿ. ಒಂದು ಹಳೇ ನಲ್ಲಿಯನ್ನು ಸಭೆಗೆ ತಂದು ಎಲ್ಲರೂ ಒಮ್ಮೆ ಬಿಚ್ಚಿ ಜೋಡಿಸಿ ನೋಡಿ. ಕೈಗೆ ಬಂದರೆ ಹೆದರಿಕೆ ಹೋಗುತ್ತದೆ. ಈ ಕೆಲಸದಲ್ಲಿ ಆಸಕ್ತಿ ಇರುವ ಹೆಣ್ಣುಮಕ್ಕಳಿಗೆ ಐಟಿಐನಲ್ಲಿ ಒಂದು ವರ್ಷದ ಪ್ಲಂಬರ್ ತರಬೇತಿ ಇದೆ. ಮನೆಯಲ್ಲಿ ಹೆಂಗಸರೇ ಇರುವ ಹೊತ್ತಿಗೆ ರಿಪೇರಿಗೆ ಒಬ್ಬ ಹೆಣ್ಣುಮಗಳು ಬಂದರೆ ಯಾರು ತಾನೇ ಬೇಡ ಅಂತಾರೆ?

ಕೊನೆಗೆ ಒಂದು ಮಾತು. ಎಲ್ಲವನ್ನೂ ನಾವೇ ಮಾಡಬೇಕೆಂದು ಹೇಳುತ್ತಿಲ್ಲ. ವಾಷರು, ಟೇಪು, ಚೆಂಡು, ಸಿಂಕಿನ ಪೈಪು, ಇವು ನಮ್ಮ ಕೆಲಸ. ಕರೆಂಟು, ಗೀಸರು, ಕಕ್ಕಸು ಗುಂಡಿ, ಇವು ಬೇರೆಯವರ ಕೆಲಸ. ಈ ಗೆರೆ ತಿಳಿದವಳು ದುಡ್ಡನ್ನೂ ಉಳಿಸುತ್ತಾಳೆ, ಜೀವವನ್ನೂ ಉಳಿಸುತ್ತಾಳೆ.

ಮುಂದಿನ ವಾರದ ಸಭೆಗೆ ಬರುವಾಗ ಇಷ್ಟು ಮಾಡಿ ಬನ್ನಿ: ಮನೆಯ ವಾಲ್ವ್ ಹುಡುಕಿ ತಿರುಗಿಸಿ ನೋಡಿ. ಸೋರುವ ನಲ್ಲಿ ಇದ್ದರೆ ಒಂದು ಗಂಟೆಗೆ ಎಷ್ಟು ನೀರು ಎಂದು ಅಳೆದು ಬರೆದುಕೊಳ್ಳಿ. ಸಂಘದ ಮನೆಗಳ ಲೆಕ್ಕವನ್ನೆಲ್ಲ ಕೂಡಿ ನೋಡೋಣ. ಎಷ್ಟು ಕೊಡ ನೀರು ಉಳಿಸಬಹುದು ಎಂದು ಆಗ ನೀವೇ ಹೇಳುತ್ತೀರಿ.