ತಪ್ಪೆಲ್ಲ ನನ್ನದೇ ಎನ್ನುವ ಮನಸ್ಸು: ಆರೋಗ್ಯ ಸೇವೆಯ ಹೆಣ್ಣುಮಕ್ಕಳು

ರೋಗಿಯ ಸ್ಥಿತಿ ಕೈಮೀರಿದಾಗ "ನಾನೇ ಸರಿಯಾಗಿ ನೋಡಲಿಲ್ಲವೇನೋ" ಎಂಬ ಮಾತು ವೈದ್ಯೆಯ ಮನಸ್ಸಿನಲ್ಲೂ ಏಳುತ್ತದೆ, ಸಿಸ್ಟರ್ ಮನಸ್ಸಿನಲ್ಲೂ ಆಶಾ ಕಾರ್ಯಕರ್ತೆಯ ಮನಸ್ಸಿನಲ್ಲೂ ಏಳುತ್ತದೆ. ಎಲ್ಲಿ ಏನು ತಪ್ಪಿತು, ಮುಂದಿನ ಸಲ ಏನು ಮಾಡಬೇಕು ಎಂದು ಕೇಳಿಕೊಳ್ಳುವವರೆಗೆ ಅದು ಆತ್ಮಪರಿಶೀಲನೆ. "ಈ ಕೆಲಸಕ್ಕೆ ನಾನು ಯೋಗ್ಯಳೇ ಅಲ್ಲ" ಎಂಬಲ್ಲಿಗೆ ಬಂದು ನಿಂತರೆ ಅದು ಆತ್ಮನಿಂದೆ. ಆತ್ಮನಿಂದೆಯಿಂದ ರೋಗಿಗೂ ಕೇಡು: ನಿದ್ದೆಗೆಟ್ಟು, ಹೆದರಿ ಡ್ಯೂಟಿಗೆ ಬಂದವಳ ಗಮನ ಕುಂದುತ್ತದೆ, ಸಂಶಯ ಬಂದಾಗ ಹಿರಿಯರನ್ನು ಕೇಳಲೂ ಅವಳು ಹಿಂಜರಿಯುತ್ತಾಳೆ.

ಸಾಧನೆ ಮಾಡಿದ ಮಹಿಳೆಯರೂ ತಮ್ಮ ಯಶಸ್ಸನ್ನು ನಂಬದೆ, ಒಂದು ದಿನ ತಮ್ಮ ಅಯೋಗ್ಯತೆ ಬಯಲಾದೀತೆಂದು ಅಂಜುವುದನ್ನು ಅಮೆರಿಕದ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ 1978ರಲ್ಲೇ ವಿವರಿಸಿದ್ದರು. ನಮ್ಮಲ್ಲಿ ಆ ಅಂಜಿಕೆಗೆ ಬೇರೆ ನೀರು ಗೊಬ್ಬರವೂ ಇದೆ. ಹೆರಿಗೆ ಸುಸೂತ್ರವಾದರೆ ದೇವರ ದಯೆ, ಕೆಟ್ಟರೆ ಸಿಸ್ಟರ್ ತಪ್ಪು ಎನ್ನುವುದು ಊರಿನ ರೂಢಿ. ಡ್ಯೂಟಿ ಮುಗಿಸಿ ಬಂದವಳಿಗೆ ಮನೆಯಲ್ಲಿ ಒಲೆ, ಮಕ್ಕಳು, ಅತ್ತೆ ಮಾವನ ಔಷಧಿ ಕಾದಿರುತ್ತವೆ. ಅಲ್ಲಿಯೂ ಏನಾದರೂ ಕಡಿಮೆಯಾದರೆ ದೂರು ಅವಳ ಮೇಲೆಯೇ. ಎರಡು ಕಡೆಯೂ ಸಾಲದವಳೆನಿಸಿಕೊಂಡ ಹೆಣ್ಣು ತನ್ನ ಬಗ್ಗೆ ತಾನೇ ಕಠಿಣಳಾಗುವುದರಲ್ಲಿ ಆಶ್ಚರ್ಯವೇನಿಲ್ಲ.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಈ ಹೊರೆ ಇನ್ನೂ ಹೆಚ್ಚು. ಅಲ್ಲಿನ ಹಳ್ಳಿ, ಹಟ್ಟಿಗಳಲ್ಲಿ ಗರ್ಭಿಣಿಯರನ್ನು ಮನೆಮನೆಗೆ ಹೋಗಿ ನೋಡುವವರು ಸಂಬಳವಿಲ್ಲದೆ, ಗೌರವಧನ ಮತ್ತು ಪ್ರೋತ್ಸಾಹಧನದ ಮೇಲೆ ದುಡಿಯುವ ಆಶಾ ಕಾರ್ಯಕರ್ತೆಯರು. ಕಾಡುಗೊಲ್ಲರ ಕೆಲವು ಹಟ್ಟಿಗಳಲ್ಲಿ ಬಾಣಂತಿಯನ್ನೂ ಹಸುಗೂಸನ್ನೂ ಹೊರಗೆ ಗುಡಿಸಲಿನಲ್ಲಿ ಇರಿಸುವ ಪದ್ಧತಿ ಇನ್ನೂ ಅಳಿದಿಲ್ಲ. ಅಂಥ ಕೂಸಿಗೆ ಚಳಿ ತಗುಲಿದರೆ, ಹಟ್ಟಿಯವರ ಮನವೊಲಿಸಲಾಗದ ಆಶಾ ತನ್ನನ್ನೇ ಹಳಿದುಕೊಳ್ಳುತ್ತಾಳೆ. ತಲೆಮಾರುಗಳ ಪದ್ಧತಿಯ ಭಾರವನ್ನು ಒಬ್ಬ ಹೆಣ್ಣಿನ ಹೆಗಲಿಗೆ ಹಾಕುವುದು ಅನ್ಯಾಯ.

ತಾಯಿ ಮರಣದ ಹಿಂದೆ ಮೂರು ವಿಳಂಬಗಳಿರುತ್ತವೆ ಎಂದು ಥ್ಯಾಡಿಯಸ್ ಮತ್ತು ಮೇನ್ 1994ರಲ್ಲಿ ತೋರಿಸಿದರು: ಆಸ್ಪತ್ರೆಗೆ ಹೋಗುವ ತೀರ್ಮಾನ ತಡವಾಗುವುದು, ಆಸ್ಪತ್ರೆ ಮುಟ್ಟುವುದು ತಡವಾಗುವುದು, ಮುಟ್ಟಿದ ಮೇಲೆ ಚಿಕಿತ್ಸೆ ಸಿಗುವುದು ತಡವಾಗುವುದು. ಮನೆಯ ಹಿರಿಯರು ಒಪ್ಪಬೇಕು, 108 ಬರಬೇಕು, ಮೊಳಕಾಲ್ಮುರಿನಿಂದ ಬಳ್ಳಾರಿಗೋ ಚಿತ್ರದುರ್ಗಕ್ಕೋ ರೆಫರ್ ಆದವಳು ದಾರಿ ಸವೆಸಬೇಕು, ಅಲ್ಲಿ ರಕ್ತವೂ ಅರಿವಳಿಕೆ ತಜ್ಞರೂ ಸಿಗಬೇಕು. ಈ ಸರಪಳಿಯಲ್ಲಿ ಸಿಸ್ಟರ್ ಕೈಯಲ್ಲಿರುವುದು ಒಂದೆರಡು ಕೊಂಡಿ ಮಾತ್ರ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಅನುಮಾನ ಬಿದ್ದದ್ದು ಅವರಿಗೆ ಏರಿಸಿದ ಐವಿ ದ್ರಾವಣದ ಮೇಲೆ. ಸರ್ಕಾರ ಅದರ ಬಳಕೆಯನ್ನು ತಡೆಹಿಡಿಯಿತು. ಬಾಟಲಿಯೊಳಗಿನ ಕಣ್ಣಿಗೆ ಕಾಣದ ದೋಷವನ್ನು ವಾರ್ಡಿನಲ್ಲಿ ನಿಂತ ಯಾವ ನರ್ಸಿನ ಕಣ್ಣೂ ಹಿಡಿಯಲಾರದು.

ಆದ್ದರಿಂದ ಕಠೋರವಾದ ಒಳದನಿಯನ್ನು ತಗ್ಗಿಸುವ ಮೊದಲ ಕೆಲಸ, ನಡೆದದ್ದನ್ನು ನಡೆದಂತೆ ಬರೆದಿಡುವುದು. ಎಷ್ಟು ಗಂಟೆಗೆ ಏನು ಕಂಡಿತು, ಯಾರಿಗೆ ತಿಳಿಸಲಾಯಿತು, ಆಗ ಕೈಗೆ ಏನು ಸಿಕ್ಕಿತು, ಏನು ಸಿಗಲಿಲ್ಲ. "ಧೈರ್ಯವಾಗಿರು" ಎಂಬ ಸಮಾಧಾನಕ್ಕಿಂತ ಈ ಬರಹ ಹೆಚ್ಚು ಉಪಕಾರಿ, ಏಕೆಂದರೆ ತನ್ನ ಪಾಲೆಷ್ಟು, ವ್ಯವಸ್ಥೆಯ ಪಾಲೆಷ್ಟು ಎಂಬುದು ಅದರಲ್ಲಿ ಬೇರೆ ಬೇರೆಯಾಗಿ ಕಾಣುತ್ತದೆ. ತನ್ನ ಪಾಲಿನ ತಪ್ಪು ನಿಜವಾಗಿಯೂ ಇದ್ದರೆ ಅದನ್ನು ಒಪ್ಪಿ ತಿದ್ದಿಕೊಳ್ಳಲೇಬೇಕು. ಆತ್ಮನಿಂದೆ ಬಿಡುವುದೆಂದರೆ ಹೊಣೆ ಬಿಡುವುದೆಂದು ಯಾರೂ ತಿಳಿಯಬಾರದು. ಎರಡನೆಯದು, ಅದೇ ಸ್ಥಿತಿಯಲ್ಲಿರುವ ಸಹೋದ್ಯೋಗಿಗೆ ಹೇಳುವ ಮಾತನ್ನೇ ತನಗೂ ಹೇಳಿಕೊಳ್ಳುವುದು. ಕ್ರಿಸ್ಟಿನ್ ನೆಫ್ ಅವರ ಸ್ವಾನುಕಂಪದ ಅಧ್ಯಯನಗಳ ತಿರುಳು ಇದೇ.

ಹಿರಿಯರ ಮೊದಲ ಮಾತು ಬಹಳ ಮುಖ್ಯ. "ಏನಾಯಿತಮ್ಮ, ಕೂತು ಹೇಳು" ಎನ್ನುವ ವೈದ್ಯಾಧಿಕಾರಿಯ ಮುಂದೆ ಸತ್ಯ ಹೊರಬರುತ್ತದೆ, ನೋಟಿಸಿನ ಮಾತು ಮೊದಲು ಬಂದಲ್ಲಿ ಅದು ಅಡಗುತ್ತದೆ. ತಾಯಿ ಮರಣ ಪರಿಶೀಲನೆಯ ರಾಷ್ಟ್ರೀಯ ಮಾರ್ಗಸೂಚಿಗಳ ಉದ್ದೇಶವೂ ಕಾರಣ ಹುಡುಕಿ ತಿದ್ದುವುದು. ಶಿಕ್ಷಿಸುವುದು ಅವುಗಳ ಗುರಿಯಲ್ಲ.

ವಾರಗಟ್ಟಲೆ ನಿದ್ದೆ ಬಾರದೆ, ಬದುಕೇ ಬೇಡವೆನಿಸಿದರೆ ಅದು ಚಿಕಿತ್ಸೆ ಬೇಡುವ ಸ್ಥಿತಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ, ನಿಮ್ಹಾನ್ಸ್ ಮಾರ್ಗದರ್ಶನದ ಟೆಲಿ ಮಾನಸ್ ಸೇವೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲೇ ಸಿಗುತ್ತದೆ.

ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಆರೋಗ್ಯಾಧಿಕಾರಿಗಳಲ್ಲಿ ಕೋರಿಕೆ ಇಷ್ಟು: ಪ್ರತಿ ತಿಂಗಳ ಆಶಾ ಸಭೆಯಲ್ಲಿ, ಸಿಬ್ಬಂದಿ ಸಭೆಯಲ್ಲಿ ಗುರಿ ಮತ್ತು ವರದಿಗಳ ಲೆಕ್ಕ ತೆಗೆಯುವ ಮೊದಲು ಅರ್ಧ ಗಂಟೆ ಇಂಥ ಅನುಭವಗಳಿಗೆ ಮೀಸಲಿಡಬೇಕು; ಅಲ್ಲಿ ಆಡಿದ ಮಾತು ಯಾರ ಸೇವಾ ಪುಸ್ತಕಕ್ಕೂ ಏರಬಾರದು.