ಚೀಲದ ಬಾಯಿ
(ಖರಾಡಿಯ ಉಚಿತ ವಾಚನಾಲಯದ ವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ಹೊತ್ತು ನಾವು ತಮ್ಮ ಮುಂದೆ ಇಡುವ ವಿಷಯ ಬಹಳ ಸಣ್ಣದು. ತೆರೆದು ಮತ್ತೆ ಮುಚ್ಚಬಹುದಾದ ಮೆತ್ತನೆಯ ಚೀಲಕ್ಕೆ ಎಂಥ ಬಾಯಿ ಇರಬೇಕು ಎಂಬಷ್ಟೇ. ಆದರೆ ಕಲಬುರ್ಗಿ, ಯಾದಗಿರಿ, ವಿಜಯಪುರಗಳ ಕಡೆಯಿಂದ ಬಂದು ಇಲ್ಲಿ ಕಟ್ಟಡದ ಕೆಲಸದಲ್ಲಿರುವ ನಮ್ಮವರನೇಕರ ವಾಸ ತಗಡಿನ ಜೋಪಡಿಯಲ್ಲಿ. ಮಿರಗದ ಮಳೆ ಹಿಡಿಯಿತೆಂದರೆ ಆಧಾರ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು, ರೇಷನ್ ಕಾರ್ಡು, ಮಗುವಿನ ಜನನ ಪತ್ರ, ಎಲ್ಲವೂ ಒಂದೇ ಒಂದು ಪ್ಲಾಸ್ಟಿಕ್ ಚೀಲದ ಬಾಯಿಯನ್ನು ನಂಬಿಕೊಂಡಿರುತ್ತವೆ. ಅದರಲ್ಲಿ ಒಂದು ಕಾಗದ ನೆನೆದು ಹೋದರೆ, ಮತ್ತೊಂದನ್ನು ಮಾಡಿಸಲು ಊರಿಗೆ ಹೋಗಿಬರುವ ಖರ್ಚೆಷ್ಟು, ತಪ್ಪುವ ಕೂಲಿಯೆಷ್ಟು ಎಂದು ಲೆಕ್ಕ ಹಾಕಿದವರಿಗೆ ವಿಷಯ ಸಣ್ಣದೆನಿಸದು.

ಹಿಟ್ಟಿನ ಗಿರಣಿಯಲ್ಲಿ ಗುಮಾಸ್ತಿಕೆ ಮಾಡುವ ನಮಗೆ ದಿನವೂ ಕಾಣುವುದು ಮೂಟೆಯ ಬಾಯಿ. ಯಂತ್ರವು ಅದನ್ನು ಸರಪಣಿ ಹೊಲಿಗೆಯಿಂದ ಹೊಲಿಯುತ್ತದೆ. ಸರಿಯಾದ ತುದಿಯ ದಾರ ಹಿಡಿದೆಳೆದರೆ ಸರ್ರನೆ ಪೂರ್ತಿ ಬಿಚ್ಚಿಕೊಳ್ಳುತ್ತದೆ; ಬೇರೆ ತುದಿ ಹಿಡಿದರೆ ಗಂಟೇ ಬೀಳುತ್ತದೆ. ಬಿಚ್ಚುವುದಕ್ಕೆ ಇದು ಸೊಗಸಾದ ಉಪಾಯವೇ ಹೌದು, ಆದರೆ ಒಮ್ಮೆ ಬಿಚ್ಚಿದ ಮೇಲೆ ಕೈಯಿಂದ ಮುಚ್ಚಲು ಬಾರದು. ಪದೇ ಪದೇ ಬಳಸುವ ಚೀಲಕ್ಕೆ ಬೇರೆ ಉಪಾಯ ಬೇಕು.

ಅಂಥ ಉಪಾಯ ನಮ್ಮ ಹಿರಿಯರ ಸೊಂಟದಲ್ಲೇ ಇತ್ತು. ಮೈಸೂರು ಕಡೆ ಸಂಚಿ ಎಂದರು. ನಮ್ಮ ಕಡೆಯವರೂ ಇಲ್ಲಿಯ ಮರಾಠಿಗರೂ ಚಂಚಿ ಎಂದರು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮನಿಗೆ, ಕವಯಿತ್ರಿಯಾದ ಮೇಲೂ, ಸಂಚಿ ಹೊನ್ನಮ್ಮ ಎಂಬ ಹೆಸರೇ ನಿಂತಿತು. ಚಂಚಿಯ ಬಾಯಿಗೆ ಗುಂಡಿಯಿಲ್ಲ, ಕೊಂಡಿಯಿಲ್ಲ. ಸುರುಳಿ ಸುತ್ತಿ ಅದರದೇ ದಾರದಿಂದ ಕಟ್ಟಿದರಾಯಿತು. ಸುತ್ತು ಹೆಚ್ಚಿದಷ್ಟೂ ಒಳಗಿನ ಅಡಿಕೆಚೂರು ಹೊರಬೀಳುವ ದಾರಿ ಉದ್ದವಾಗುತ್ತದೆ. ಇಂದು ದೋಣಿಯವರೂ ಬೆಟ್ಟ ಹತ್ತುವವರೂ ಬಳಸುವ ನೀರು ಹೊಗದ ಚೀಲದ ತತ್ತ್ವವೂ ಇದೇ: ತುಟಿಯನ್ನು ಮೂರು ನಾಲ್ಕು ಸುತ್ತು ಬಿಗಿಯಾಗಿ ಮಡಿಚಿ ಎರಡು ತುದಿಗಳನ್ನು ಕೊಂಡಿಗೆ ಸಿಕ್ಕಿಸುವುದು. ಹೊಸದೆಂದು ಹೆಚ್ಚು ಬೆಲೆ ಕೊಟ್ಟು ಕೊಳ್ಳುವವರು ಇದನ್ನು ತಿಳಿದಿರಲಿ.

ಈಗ ಒತ್ತಿ ಮುಚ್ಚುವ ಚೀಲಕ್ಕೆ ಬರೋಣ. ಒಂದು ತುಟಿಯಲ್ಲಿ ಬಾಣದ ಮೊನೆಯಂಥ ಏಣು, ಇನ್ನೊಂದರಲ್ಲಿ ಅದನ್ನು ಹಿಡಿಯುವ ಕಾಲುವೆ. ಡೆನ್ಮಾರ್ಕಿನ ಬೋರ್ಗೆ ಮ್ಯಾಡ್ಸೆನ್ ಎಂಬವರು ಕಲ್ಪಿಸಿದ ಪ್ಲಾಸ್ಟಿಕ್ ಜಿಪ್ಪಿನ ಹಕ್ಕನ್ನು, ರೊಮೇನಿಯಾದಿಂದ ಅಮೆರಿಕಕ್ಕೆ ವಲಸೆ ಬಂದಿದ್ದ ಆಸ್ನಿಟ್ ಮನೆತನದವರು 1951ರಲ್ಲಿ ಕೊಂಡರು. ಊರು ಬಿಟ್ಟು ಬಂದವರ ಕೈಯಲ್ಲೇ ಇದು ಬೆಳೆಯಿತೆಂಬುದು ನಮಗೆ ಒಂದು ಸಂತೋಷ. ಆದರೆ ಮೊದಲ ವರ್ಷಗಳಲ್ಲಿ ಅವರ ಪಾಡು ನೋಡಿ: ಒಂದು ಗ್ರಾಮಫೋನ್ ಕಂಪನಿಗೆ ಚೀಲ ತೋರಿಸಿದಾಗ, ಅಲ್ಲಿಯ ಅಧಿಕಾರಿ ತನ್ನ ಸಹಾಯಕಿಯನ್ನು ಕರೆದು ಬಿಚ್ಚೆಂದ, ಆಕೆ ತಿರುಗಿಸಿ ಮುರುಗಿಸಿ ನೋಡಿ, ಜಿಪ್ಪನ್ನೇ ಹರಿದು ತೆಗೆದಳಂತೆ! ತಪ್ಪು ಆಕೆಯದಲ್ಲ. ಎಲ್ಲಿ ಹಿಡಿಯಬೇಕೆಂದು ಬಾಯಿಯೇ ಕೈಗೆ ಹೇಳಬೇಕು. ಡೌ ಕಂಪನಿ 1968ರಲ್ಲಿ ಜಿಪ್‌ಲಾಕ್ ಎಂಬ ಹೆಸರಿನಿಂದ ಇದನ್ನು ಅಡಿಗೆಮನೆಗೆ ತಂದಿತು.

ಒಳ್ಳೆಯ ಬಾಯಿಯ ಗುರುತುಗಳಿವೆ. ಒಂದು ತುಟಿ ಇನ್ನೊಂದಕ್ಕಿಂತ ಬೆರಳು ಸಿಗುವಷ್ಟು ಉದ್ದವಾಗಿರಬೇಕು. ಸಿಮೆಂಟು ಕಲಸಿ ಬಿರಿದ ಕೈಗೆ ಸಮನಾದ ತೆಳು ತುಟಿಗಳು ಬಿಡಿಸಲು ಬಾರವು. ಏಣಿನ ಮೊನೆ ಎರಡು ಕಡೆಯೂ ಒಂದೇ ಸಮನಿರಬಾರದು: ಹೊರಗಿನಿಂದ ಎಳೆದರೆ ಸುಲಭವಾಗಿ ಬಿಡಬೇಕು, ಒಳಗಿನಿಂದ ಸಾಮಾನು ನೂಕಿದರೆ ಬಿಡಬಾರದು. ಮುಚ್ಚಿತೋ ಇಲ್ಲವೋ ಎಂಬುದು ತಿಳಿಯಬೇಕು, ಕೆಲವು ಒತ್ತುವಾಗ ಟಕಟಕ ಎನ್ನುತ್ತವೆ, ಕೆಲವಕ್ಕೆ ಹಳದಿ ಒಂದು ಗೆರೆ, ನೀಲಿ ಒಂದು ಗೆರೆ, ಕೂಡಿದರೆ ಹಸಿರು. ಓದು ಬಾರದವರಿಗೂ ತಿಳಿಯುವ ಈ ಉಪಾಯ ನಮಗೆ ಎಲ್ಲಕ್ಕಿಂತ ಮೆಚ್ಚಿಗೆ. ಎಳೆದು ಮುಚ್ಚುವ ಜಾರುಗುಂಡಿಯ ಚೀಲ ಅನುಕೂಲವೆಂದು ಕಂಡರೂ, ಗುಂಡಿ ನಿಂತ ತುದಿಯಲ್ಲಿ ಸಣ್ಣ ಸಂದು ಉಳಿಯುವುದುಂಟು. ಬಟ್ಟೆಗೆ ಸರಿ, ನೀರಿಗೆ ಸಾಲದು. ಎಲ್ಲ ಚೀಲಗಳಲ್ಲೂ ಮೊದಲು ಸೋರುವುದು ಎರಡು ಮೂಲೆ. ಅಲ್ಲಿ ಬಿಸಿ ಒತ್ತಿ ಪಕ್ಕ ಅಂಟಿಸುವಾಗ ಏಣು ಚಪ್ಪಟೆಯಾಗುತ್ತದೆ. ಕೊಳ್ಳುವಾಗ ಮೂಲೆಯನ್ನೇ ನೋಡಿ.

ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿಗಳಿಗೆ ಈ ಬಾಯಿ ಶತ್ರು, ಏಕೆಂದರೆ ಪುಡಿ ಕಾಲುವೆಯಲ್ಲಿ ಕೂತರೆ ಏಣು ಹೋಗಲು ಜಾಗವಿಲ್ಲ. ತುಂಬುವಾಗ ತುಟಿಯನ್ನು ಹೊರಕ್ಕೆ ಮಡಿಚಿಡಿ, ಆಮೇಲೆ ಒಣಬಟ್ಟೆಯಿಂದ ಒರೆಸಿ. ಇಲ್ಲವೇ ಪುಡಿಗೆ ಸುರುಳಿಯ ಚೀಲವೇ ಲೇಸು. ಉತ್ತರಾಣಿಯ ಬೀಜ ಧೋತರಕ್ಕೆ ಹತ್ತುವಂತೆ ಹತ್ತುವ ವೆಲ್ಕ್ರೋ ಇದೆ. ಸ್ವಿಟ್ಜರ್ಲೆಂಡಿನ ಜಾರ್ಜ್ ದ ಮೆಸ್ತ್ರಾಲ್ ಅಂಥದೇ ಮುಳ್ಳುಕಾಯಿ ನೋಡಿ ಕಲ್ಪಿಸಿದ್ದು. ಹಿಡಿತ ಬಲು ಗಟ್ಟಿ, ಆದರೆ ನೀರನ್ನು ತಡೆಯದು.

ಕಾಗದಗಳ ಮಾತು ಬೇರೆ. ಪಿ.ವಿ.ಸಿ. ಎಂಬ ಮೆತ್ತನೆಯ, ವಾಸನೆಯ ಲಕೋಟೆಯಲ್ಲಿ ಜೆರಾಕ್ಸ್ ಪ್ರತಿ ಇಟ್ಟರೆ ಅಕ್ಷರ ಲಕೋಟೆಗೇ ಅಂಟುವುದುಂಟು, ಎ.ಟಿ.ಎಂ. ಚೀಟಿಯ ಅಕ್ಷರ ಮಾಸುವುದುಂಟು. ನಡುವೆ ಬಿಳಿ ಹಾಳೆ ಇಡಿ, ಅಥವಾ ಪಾಲಿಥೀನ್ ಚೀಲ ಕೊಳ್ಳಿ. ತೇವದ ಪಾಸ್‌ಬುಕ್ಕನ್ನು ಹಾಗೆಯೇ ಮುಚ್ಚಿಟ್ಟರೆ ಬಿಗಿಯಾದ ಬಾಯಿಯೇ ಬೂಷ್ಟು ತರಿಸುತ್ತದೆ, ಮೊದಲು ಒಣಗಿಸಬೇಕು. ಚೀಲವನ್ನು ಉಬ್ಬುವಷ್ಟು ತುಂಬಬಾರದು, ಬಹುದಿನ ಎಳೆತಕ್ಕೆ ಸಿಕ್ಕ ಕಾಲುವೆ ಅಗಲಗೊಂಡೇ ಉಳಿಯುತ್ತದೆ. 2018ರಲ್ಲಿ ಮಹಾರಾಷ್ಟ್ರ ಸರ್ಕಾರ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. ಆ ದೃಷ್ಟಿಯಿಂದಲೂ ಒಂದು ದಪ್ಪ ಚೀಲವನ್ನು ವರ್ಷಗಟ್ಟಲೆ ಬಾಳಿಸುವುದು ಜಾಣತನ.

ಪರೀಕ್ಷೆ ಮನೆಯಲ್ಲೇ ಆಗಬಹುದು. ಚೀಲದಲ್ಲಿ ಒಂದು ಒಣ ಹಳೆ ಪತ್ರಿಕೆಯ ಚೂರನ್ನಿಟ್ಟು, ಗಾಳಿ ತೆಗೆದು ಮುಚ್ಚಿ, ಬಕೆಟ್ಟಿನ ನೀರಿನಲ್ಲಿ ಬಾಯಿ ಕೆಳಗೆ ಮಾಡಿ ಕಾಲು ಗಂಟೆ ಅದುಮಿಡಿ. ಚೂರು ಒಣಗಿದ್ದರೆ ಆಧಾರ್ ಕಾರ್ಡನ್ನು ಅದರಲ್ಲಿಡಿ. ನೆನೆದಿದ್ದರೆ ಆ ಚೀಲಕ್ಕೆ ಅಡಿಕೆಯನ್ನೋ ಗುಂಡಿಗಳನ್ನೋ ತುಂಬಿ. ವಾಚನಾಲಯದ ಮೇಜಿನ ಮೇಲೆ ನಾಲ್ಕು ಬಗೆಯ ಚೀಲಗಳನ್ನೂ ಒಂದು ಬಕೆಟ್ಟನ್ನೂ ಇಟ್ಟಿದ್ದೇವೆ. ತಾವು ತಮ್ಮ ಚೀಲ ತಂದರೆ ಮಳೆಗಿಂತ ಮುಂಚೆ ಕೂಡಿ ನೋಡೋಣ.