ಪಾರ್ಥೆನಾನಿನ ಕಲ್ಲು, ಕಬ್ಬಿಣ, ಸೀಸ



ಬೆಂಗಳೂರಿನ ಕಬ್ಬನ್ ಉದ್ಯಾನದ ಅಂಚಿನಲ್ಲಿ, ಈಗ ಉಚ್ಚ ನ್ಯಾಯಾಲಯವಿರುವ ಅಠಾರಾ ಕಚೇರಿಯನ್ನು ನಿಮ್ಮಲ್ಲಿ ಬಹು ಮಂದಿ ನೋಡಿರುವಿರಿ. 1868ರಲ್ಲಿ ಮುಗಿದ ಆ ಕೆಂಪು ಕಟ್ಟಡದ ಮುಖಮಂಟಪಗಳಲ್ಲಿ ಎತ್ತರವಾದ ಕಂಬಗಳಿವೆ. ಒಂದೊಂದು ಕಂಬದ ತಲೆಯಲ್ಲಿಯೂ ಇಕ್ಕೆಲಕ್ಕೆ ಸುರುಳಿ ಸುತ್ತಿದ ಅಲಂಕಾರವಿದೆ. ಆ ಸುರುಳಿ ನಮ್ಮ ನಾಡಿನದಲ್ಲ. ಏಷ್ಯಾ ಮೈನರಿನ ಕರಾವಳಿಯಲ್ಲಿ ನೆಲಸಿದ್ದ ಅಯೋನಿಯದ ಗ್ರೀಕರ ಹೆಸರು ಅದಕ್ಕೆ ಅಂಟಿದೆ. ಅವರ ಹೆಸರಿನಿಂದಲೇ ನಮ್ಮ ಪೂರ್ವಿಕರ ಬಾಯಲ್ಲಿ ‘ಯವನ’ ಎಂಬ ಶಬ್ದವು ಹುಟ್ಟಿತೆಂದರೆ, ಕಂಬಕ್ಕಿಂತ ಬಹಳ ಮೊದಲೇ ಹೆಸರು ಇಲ್ಲಿಗೆ ಬಂದಿತ್ತೆಂದಾಯಿತು.

ಯವನರ ಕಂಬವು ಹೋಗದ ದೇಶವಿಲ್ಲ. ಸ್ಟುವರ್ಟ್ ಮತ್ತು ರೆವೆಟ್ ಎಂಬ ಇಬ್ಬರು ಆಂಗ್ಲರು ಅಥೆನ್ಸಿಗೆ ಹೋಗಿ ಅಲ್ಲಿಯ ಪ್ರಾಚೀನ ಕಟ್ಟಡಗಳನ್ನು ಅಳೆದು, ನಕ್ಷೆ ಬರೆದು, 1762ರಲ್ಲಿ ಮೊದಲ ಸಂಪುಟವನ್ನು ಪ್ರಕಟಿಸಿದ ಮೇಲೆ ಐರೋಪ್ಯರಿಗೆ ಅದೊಂದು ಹುಚ್ಚೇ ಹಿಡಿಯಿತೆನ್ನಬೇಕು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಮುಂಭಾಗದಲ್ಲಿ ಸುರುಳಿದಲೆಯ 44 ಕಂಬಗಳು ನಿಂತವು. ಬವೇರಿಯದಲ್ಲಿ ಡ್ಯಾನ್ಯೂಬ್ ನದಿಯ ಮೇಲಣ ದಿಬ್ಬದಲ್ಲಿ 1842ರಲ್ಲಿ ಪಾರ್ಥೆನಾನಿನ ಮಾದರಿಯ ವಲ್‌ಹಾಲ ಮಂದಿರವೆದ್ದಿತು. ಅಮೆರಿಕದ ನ್ಯಾಶ್‌ವಿಲ್ ಪಟ್ಟಣದವರಂತೂ ಪಾರ್ಥೆನಾನನ್ನೇ ಅದರ ಪೂರ್ಣ ಪ್ರಮಾಣದಲ್ಲಿ ಕಾಂಕ್ರೀಟಿನಿಂದ ಎರಕಹೊಯ್ದು 1931ರಲ್ಲಿ ಬಾಗಿಲು ತೆರೆದರು. ನ್ಯಾಯಸ್ಥಾನವಾಗಲಿ, ಬ್ಯಾಂಕಾಗಲಿ, ತಾನು ಸ್ಥಿರವಾದದ್ದೆಂದು ಜನರನ್ನು ನಂಬಿಸಬೇಕಾದರೆ ಮುಂದುಗಡೆ ನಾಲ್ಕು ಯವನ ಕಂಬಗಳನ್ನು ನಿಲ್ಲಿಸುವುದು ವಾಡಿಕೆಯೇ ಆಯಿತು.

ಇದೆಲ್ಲ ಕಟ್ಟಡದ ಮೊಗದಿಂದ ತೆಗೆದ ಸಾಲ. ಕಲ್ಲಿನ ಒಳಗಣ ವಿದ್ಯೆಯನ್ನು ಸಾಲ ತಂದವರು ಕಡಿಮೆ. ಆ ವಿದ್ಯೆಯನ್ನು ಮರೆತದ್ದರಿಂದ ಪಾರ್ಥೆನಾನಿಗೇ ಒದಗಿದ ಕಷ್ಟವನ್ನು ಈ ದಿನ ತಮ್ಮ ಮುಂದೆ ಹೇಳಬೇಕೆಂದಿದ್ದೇನೆ. ರೇಡಿಯೋದಲ್ಲಿ ಚಿತ್ರ ತೋರಿಸುವಂತಿಲ್ಲ. ತಾವು ಮನಸ್ಸಿನಲ್ಲಿಯೇ ಕಟ್ಟಿಕೊಳ್ಳಬೇಕು.

ಅಥೆನ್ಸ್ ನಗರದ ನಡುವಣ ಅಕ್ರಾಪೊಲಿಸ್ ಬೆಟ್ಟದ ಮೇಲೆ, ಪೆರಿಕ್ಲಿಸನ ಆಡಳಿತದಲ್ಲಿ, ಕ್ರಿ. ಪೂ. 447ರಲ್ಲಿ ಪಾರ್ಥೆನಾನಿನ ಕೆಲಸ ಮೊದಲಾಯಿತು. ಇಕ್ಟಿನಸ್ ಮತ್ತು ಕ್ಯಾಲಿಕ್ರಟೀಸ್ ಎಂಬವರು ಸ್ಥಪತಿಗಳು. ಒಂಬತ್ತೇ ವರ್ಷಗಳಲ್ಲಿ ಕಟ್ಟಡವೆದ್ದು, ಕ್ರಿ. ಪೂ. 432ರ ಹೊತ್ತಿಗೆ ಶಿಲ್ಪದ ಕೆಲಸವೂ ಮುಗಿಯಿತು. ಉದ್ದ 228 ಅಡಿ, ಅಗಲ 101 ಅಡಿ. ಅಗಲಕ್ಕೆ 8, ಉದ್ದಕ್ಕೆ 17 ಕಂಬಗಳು. ಒಂದೊಂದರ ಎತ್ತರ 34 ಅಡಿ. ಹತ್ತು ಮೈಲಿ ದೂರದ ಪೆಂಟೆಲಿಕಸ್ ಬೆಟ್ಟದಿಂದ ಅಮೃತಶಿಲೆಯನ್ನು ಸಾಗಿಸಿ ತಂದರು. ಕಲ್ಲಿಗೂ ಕಲ್ಲಿಗೂ ನಡುವೆ ಗಾರೆಯೆಂಬುದಿಲ್ಲ.

ಗಾರೆಯಿಲ್ಲದೆ ಕಟ್ಟುವುದು ನಮ್ಮ ದೇವಾಲಯಗಳನ್ನು ಬಲ್ಲವರಿಗೆ ಆಶ್ಚರ್ಯವಲ್ಲ. ಆಶ್ಚರ್ಯವಿರುವುದು ಬೇರೆ ಕಡೆ. ಆ ಕಟ್ಟಡದಲ್ಲಿ ಸರಳರೇಖೆಯೆಂದು ಕಣ್ಣಿಗೆ ತೋರುವುದು ಬಹುಮಟ್ಟಿಗೆ ಸರಳರೇಖೆಯಲ್ಲ. ಕಂಬಗಳು ನಿಂತಿರುವ ಜಗತಿಯ ನೆಲವು ನಡುವೆ ಮೆಲ್ಲಗೆ ಉಬ್ಬಿದೆ. ಉದ್ದದ ಕಡೆ ಈ ಉಬ್ಬು 4 ಅಂಗುಲಕ್ಕೆ ಸ್ವಲ್ಪ ಮಿಕ್ಕಿದೆ. ಅಗಲದ ಕಡೆ 2 ಅಂಗುಲಕ್ಕೆ ಮಿಕ್ಕಿದೆ. ಕಂಬಗಳೆಲ್ಲ ಒಳಮುಖವಾಗಿ ತುಸು ವಾಲಿವೆ. ಮೂಲೆಯ ಕಂಬಗಳು ಉಳಿದವಕ್ಕಿಂತ ಸ್ವಲ್ಪ ದಪ್ಪ. ನೆಲವು ಸಮತಟ್ಟಾಗಿದ್ದರೆ ಕಣ್ಣಿಗೆ ಗುಳಿಬಿದ್ದಂತೆ ಕಾಣುವುದೆಂದು ರೋಮನ್ ಗ್ರಂಥಕರ್ತನಾದ ವಿಟ್ರೂವಿಯಸನು ಕಾರಣ ಹೇಳಿದ್ದಾನೆ. ಕಾರಣವೇನೇ ಇರಲಿ, ಅದರ ಪರಿಣಾಮ ಕಲ್ಲುಕುಟಿಗನ ತಲೆಯ ಮೇಲೆ ಬಿತ್ತು. ನೆಲ ಬಾಗಿ, ಕಂಬ ವಾಲಿದ ಮೇಲೆ ಯಾವ ಕಲ್ಲಿನ ಮೂಲೆಯೂ ನೆಟ್ಟನೆ ಲಂಬಕೋನವಾಗಿರುವಂತಿಲ್ಲ. ಒಂದೊಂದು ಕಲ್ಲನ್ನೂ ಅದರದರ ಸ್ಥಳಕ್ಕೆಂದೇ ಕೆತ್ತಬೇಕು. ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಟ್ಟರೆ ಕೂರದು.

ಈ ಶತಮಾನಕ್ಕೆ ಹಿಂದಿನ ಶತಮಾನದಲ್ಲಿ ಹೊಸ ವಾಸ್ತುವಿದ್ಯೆಯ ಆಚಾರ್ಯನೆನಿಸಿದ ಲ ಕಾರ್ಬೂಸಿಯೆ 1911ರಲ್ಲಿ ಯುವಕನಾಗಿ ಅಕ್ರಾಪೊಲಿಸನ್ನು ಕಂಡು ಬೆರಗಾದನು. ಅವನು 1923ರ ತನ್ನ ಪುಸ್ತಕದಲ್ಲಿ ಯವನ ದೇವಾಲಯಗಳ ಚಿತ್ರಗಳನ್ನೂ ಮೋಟಾರು ಕಾರುಗಳ ಚಿತ್ರಗಳನ್ನೂ ಎದುರೆದುರು ಅಚ್ಚು ಹಾಕಿಸಿದನು: ಎರಡೂ ಒಂದು ಮಾದರಿಯನ್ನು ತಿದ್ದಿ ತಿದ್ದಿ ಪರಿಪೂರ್ಣತೆಗೆ ತಂದುದರ ಫಲವೆಂಬುದು ಅವನ ವಾದ. ಸುರುಳಿಯನ್ನೂ ಕಂಬವನ್ನೂ ಬಿಟ್ಟು ನಿಷ್ಕೃಷ್ಟತೆಯನ್ನು ಹಿಡಿದದ್ದರಿಂದ, ಬ್ಯಾಂಕು ಕಟ್ಟಿದವರಿಗಿಂತ ಇವನು ಯವನರಿಗೆ ಹತ್ತಿರದವನು. ಆದರೂ ಒಂದು ಮಾತು. ಮೋಟಾರಿನ ಬಿಡಿಭಾಗವು ಅದೇ ಬಗೆಯ ಯಾವ ಮೋಟಾರಿಗಾದರೂ ಕೂರುತ್ತದೆ. ಅದೇ ಅದರ ಹೆಚ್ಚಳ. ಪಾರ್ಥೆನಾನಿನ ಕಲ್ಲು ಬೇರೆಲ್ಲಿಯೂ ಕೂರುವುದಿಲ್ಲ.

ಇನ್ನು ಕಲ್ಲುಗಳನ್ನು ಕಟ್ಟಿದ ಬಗೆ. ಕಂಬವು ಒಂದೇ ಕಲ್ಲಲ್ಲ. ದುಂಡನೆಯ ಬಿಲ್ಲೆಗಳನ್ನು ಒಂದರ ಮೇಲೊಂದು ಏರಿಸಿದ್ದು. ಬಿಲ್ಲೆಗಳ ನಟ್ಟನಡುವೆ ಕುಳಿ ತೋಡಿ, ಮರದ ಗಟ್ಟಿಯನ್ನೂ ಗೂಟವನ್ನೂ ಕೂರಿಸಿ, ನಡುವನ್ನು ನಡುವಿಗೆ ಹೊಂದಿಸಿದರು. ಆಮೇಲೆ ಈ ಬಿಲ್ಲೆಗಳನ್ನು ಬಿಚ್ಚಿದಾಗ ಕೆಲವು ಮರದ ಗಟ್ಟಿಗಳು ಕೊಳೆಯದೆ ದೊರಕಿದುವೆಂದರೆ, ಗಾಳಿಯೂ ಹೊಗದಷ್ಟು ಬಿಗಿಯಾಗಿ ಕಲ್ಲು ಕಲ್ಲನ್ನು ಕೂಡಿತ್ತೆಂದು ಊಹಿಸಬಹುದು. ಗೋಡೆಯ ಮತ್ತು ತೊಲೆಯ ಕಲ್ಲುಗಳನ್ನು ಕಬ್ಬಿಣದ ಕೊಂಡಿಗಳಿಂದ ಬಂಧಿಸಿದರು. ಕಲ್ಲಿನಲ್ಲಿ ಕುಳಿ ಮಾಡಿ, ಕೊಂಡಿಯನ್ನಿಟ್ಟು, ಸುತ್ತಲೂ ಕಾಯಿಸಿದ ಸೀಸವನ್ನು ಹೊಯ್ದರು.

ಸೀಸವೇ ಇಲ್ಲಿಯ ಮರ್ಮ. ನೀರನ್ನೂ ಗಾಳಿಯನ್ನೂ ಅದು ಕಬ್ಬಿಣದ ಹತ್ತಿರ ಸುಳಿಯಗೊಡದು. ಮೃದುವಾದ ಲೋಹವಾದುದರಿಂದ, ಭೂಮಿ ನಡುಗಿದಾಗ ಕಲ್ಲಿಗೂ ಕೊಂಡಿಗೂ ನಡುವೆ ತಾನು ತುಸು ಬಳುಕಿ ಪೆಟ್ಟನ್ನು ತಾಳಿಕೊಳ್ಳುತ್ತದೆ. ಹೀಗೆ ಎರಡು ಸಾವಿರ ವರ್ಷ ನಿಂತ ಕಟ್ಟಡವನ್ನು ಕೆಡಹಿದ್ದು ಭೂಕಂಪವಲ್ಲ, ಮನುಷ್ಯನೇ. 1687ರ ಸೆಪ್ಟೆಂಬರಿನಲ್ಲಿ ತುರ್ಕರು ಒಳಗೆ ಮದ್ದುಗುಂಡು ಕೂಡಿಟ್ಟಿದ್ದರು. ಮುತ್ತಿಗೆ ಹಾಕಿದ್ದ ವೆನಿಸಿನವರ ಗುಂಡೊಂದು ಅದರ ಮೇಲೆ ಬಿದ್ದು ನಡುಭಾಗ ಹಾರಿಹೋಯಿತು.

ಉಳಿದದ್ದನ್ನು 1894ರ ಭೂಕಂಪವು ಅಲುಗಿಸಿದ ಮೇಲೆ ಜೀರ್ಣೋದ್ಧಾರದ ಯೋಚನೆ ಬಂದಿತು. 1898ರಿಂದ ಮುಂದೆ ಮೂವತ್ತು ವರ್ಷಗಳಿಗೂ ಮಿಕ್ಕಿ ಆ ಕೆಲಸವನ್ನು ನಡೆಸಿದವನು ನಿಕೊಲಾಸ್ ಬಲಾನೊಸ್ ಎಂಬ ಎಂಜಿನಿಯರು. ಬಿದ್ದಿದ್ದ ಉತ್ತರದ ಕಂಬಸಾಲನ್ನು ಅವನು ಎತ್ತಿ ನಿಲ್ಲಿಸಿದಾಗ ಲೋಕವೇ ಹೊಗಳಿತು. ಅವನನ್ನು ಈಗ ಹಳಿಯುವುದು ಸುಲಭ. ಐಫೆಲ್ ಗೋಪುರವೆದ್ದು ಹತ್ತು ವರ್ಷವಾಗಿರದ ಕಾಲದಲ್ಲಿ ಎಂಜಿನಿಯರಾದವನು ಕಬ್ಬಿಣವನ್ನು ನಂಬಿದುದರಲ್ಲಿ ವಿಶೇಷವೇನಿದೆ? ಅವನೂ ಯವನರಂತೆ ಕಬ್ಬಿಣದ ಕೊಂಡಿಗಳನ್ನೇ ಹಾಕಿದನು, ಆದರೆ ಸೀಸದ ಕವಚವನ್ನು ಬಿಟ್ಟನು. ಸಿಕ್ಕಿದ ತುಂಡನ್ನು ಹೊಂದಿದ ಕಡೆಯೆಲ್ಲ ಸೇರಿಸಿದನು. ಕಲ್ಲು ಬೇರೆಡೆ ಕೂರದೆಂಬುದು ಅವನಿಗೆ ತಡೆಯಾಗಲಿಲ್ಲ, ಏಕೆಂದರೆ ಕೂರದ ಕಡೆ ಪ್ರಾಚೀನರು ಕೆತ್ತಿದ ಮೈಯನ್ನೇ ಕಡಿದು ಕೂರಿಸಿದನು.

ಮಳೆನೀರು ಕೊಂಡಿಯನ್ನು ಮುಟ್ಟಿತು, ಕಬ್ಬಿಣ ತುಕ್ಕುಹಿಡಿಯಿತು. ತುಕ್ಕು ಕಬ್ಬಿಣಕ್ಕಿಂತ ಎರಡು ಮಡಿಗೂ ಹೆಚ್ಚು ಸ್ಥಳವನ್ನು ಬೇಡುತ್ತದೆ. ಕಲ್ಲಿನೊಳಗೆ ಆ ಸ್ಥಳವೆಲ್ಲಿಯದು? ಅಮೃತಶಿಲೆ ಒಳಗಿನಿಂದಲೇ ಸೀಳಿತು. ಹೊರಗೆ ಅಥೆನ್ಸಿನ ಹೊಗೆ ಅದರ ಮೈಯನ್ನು ತಿನ್ನುತ್ತಿತ್ತು. ಯವನರು ಹಾಕಿದ್ದ ಹಳೆಯ ಕೊಂಡಿಗಳು ಮಾತ್ರ ಸೀಸದೊಳಗೆ ಕೆಡದೆ ಇದ್ದವು.

1975ರಲ್ಲಿ ಗ್ರೀಸಿನ ಸರ್ಕಾರವು ತಜ್ಞರ ಸಮಿತಿಯೊಂದನ್ನು ನೇಮಿಸಿತು. ಕೆಲಸದ ದೊಡ್ಡ ಪಾಲು ಕಟ್ಟುವುದಲ್ಲ, ಬಿಚ್ಚುವುದು: ಬಲಾನೊಸನು ಸೇರಿಸಿದ್ದನ್ನು ಕಲ್ಲು ಕಲ್ಲಾಗಿ ಇಳಿಸಿ, ತುಕ್ಕುಹಿಡಿದ ಕಬ್ಬಿಣವನ್ನು ಕಿತ್ತು, ಚೂರುಗಳನ್ನು ಮತ್ತೆ ಕೂಡಿಸುವುದು. ಇಲ್ಲಿ ಆ ಹಳೆಯ ಬಾಗು ವಾಲುಗಳೇ ನೆರವಾದವು. ಕಲ್ಲಿನ ಮೂಲೆ ಎಷ್ಟು ಓರೆ, ಕೊಂಡಿಯ ಕುಳಿ ಎಲ್ಲಿ ಎಂಬುದನ್ನು ಅಳೆದು, ಬೆಟ್ಟದ ಮೇಲೆ ಚೆದರಿಬಿದ್ದಿದ್ದ ಕಲ್ಲುಗಳಿಗೆ ಮನೊಲಿಸ್ ಕೊರೆಸ್ ಮೊದಲಾದ ವಿದ್ವಾಂಸರು ಅವುಗಳ ನಿಜವಾದ ಸ್ಥಾನವನ್ನು ಗುರುತಿಸಿದರು.

ಕಬ್ಬಿಣದ ಬದಲು ಟೈಟೇನಿಯಂ ಲೋಹವನ್ನು ಬಳಸಿದರು. ಅದು ತುಕ್ಕುಹಿಡಿಯದು, ಬಿಸಿಲಿಗೆ ಅಮೃತಶಿಲೆಯಷ್ಟೇ ಹೆಚ್ಚುಕಡಮೆ ಹಿಗ್ಗುತ್ತದೆ. ಅದರ ಗಾತ್ರವನ್ನು ಲೆಕ್ಕ ಹಾಕುವಾಗ, ಭಾರಿ ಭೂಕಂಪವಾದರೆ ಕಲ್ಲಿಗಿಂತ ಮುಂಚೆ ಲೋಹವೇ ಸೋಲುವಂತೆ ಗೊತ್ತುಮಾಡಿದರು. ಕೊಂಡಿ ಹೋದರೆ ಇನ್ನೊಂದನ್ನು ಮಾಡಿಸಬಹುದಷ್ಟೆ. ಚೂರು ಕಳೆದುಹೋದ ಕಡೆ ಅದೇ ಪೆಂಟೆಲಿಕಸ್ ಬೆಟ್ಟದ ಹೊಸ ಕಲ್ಲನ್ನು, ಒಡೆದ ಮೈಗೆ ಸರಿಹೊಂದುವಂತೆ ಕೆತ್ತಿ ಹಚ್ಚಿದ್ದಾರೆ. ಹಳೆಯ ಮೈಯನ್ನು ಕಡಿದಿಲ್ಲ. ಹಳೆಯ ಕಲ್ಲು ಜೇನಿನ ಬಣ್ಣಕ್ಕೆ ತಿರುಗಿದೆ, ಹೊಸದು ಬಿಳುಪು. ಬೆಟ್ಟ ಹತ್ತಿ ಹೋದವರಿಗೆ ಯಾವುದು ಇಕ್ಟಿನಸನ ಕಾಲದ್ದು, ಯಾವುದು ನಮ್ಮ ಕಾಲದ್ದು ಎಂಬುದು ದೂರದಿಂದಲೇ ತಿಳಿಯುತ್ತದೆ.